ಗಾಳಿ ತಾಗಿದ ಕಲ್ಲು

ನನ್ನ ಹೊಟ್ಟೆಪಾಡು ನಾಲಿಗೆಯದು. ಹೆಸರು ಸಂಪತ್ಕುಮಾರ್, ಹಳೇಬೀಡಿನ ದೇವಸ್ಥಾನದ ಬಾಗಿಲಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಗೈಡು. ನಮ್ಮದು ಬೇಲೂರಿನ ಗುಡಿಯ ಪರಿಚಾರಕರ ಮನೆ. ಅಣ್ಣ ಒಳಗೆ ದೇವರ ಸೇವೆಗೆ ನಿಂತ, ನಾನು ಹೊರಗೆ ಜನರ ಸೇವೆಗೆ ನಿಂತೆ. ದೇವರು ನಡುವೆ ಬಾಯಿ ಹಾಕುವುದಿಲ್ಲ, ಜನ ಹಾಕುತ್ತಾರೆ. ಅದಕ್ಕೇ ಇರಬೇಕು, ಅಣ್ಣ ಶಾಂತ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಈ ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಒಂದಿದೆ. "ನೋಡಿ ಸ್ವಾಮಿ, ಇದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಬೆಣ್ಣೆ. ಗಾಳಿ ತಾಗಿತೋ, ಉಕ್ಕು!" ಇಷ್ಟು ಹೇಳಿ ಗೋಡೆಗೆ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟುತ್ತೇನೆ. ಜನ ಆಹಾ ಅನ್ನುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ, ಮುಂದಿನ ಕಂಬಕ್ಕೆ ಹೋಗುತ್ತೇವೆ. ಈ ಮಾತನ್ನು ನಾನು ಕಲಿತದ್ದು ನನಗಿಂತ ಮುಂಚೆ ಅಲ್ಲಿದ್ದ ಗೈಡಿನಿಂದ. ಅವರು ಕಲಿತದ್ದು ಅವರಿಗಿಂತ ಮುಂಚಿನವರಿಂದ. ನಮ್ಮಲ್ಲಿ ಒಬ್ಬರೂ ನೆಲದಿಂದ ಕಲ್ಲು ತೆಗೆಯುವುದನ್ನು ಕಣ್ಣಾರೆ ಕಂಡವರಲ್ಲ.

ಗೇಟಿನ ಎದುರು ಎಳನೀರು ಮಾರುವ ಕೆಂಚಪ್ಪನಿಗೆ ನನ್ನ ಮಾತೆಲ್ಲ ಬಾಯಿಪಾಠ. ವ್ಯಾಪಾರ ಇಲ್ಲದಾಗ ಗುಂಪಿನ ಹಿಂದೆ ನಿಂತು ಕೇಳುತ್ತಿದ್ದ. ಮಾದಿಹಳ್ಳಿಯ ಆಚೆ, ಯಗಚಿ ಹೊಳೆಗೆ ಇಳಿಯುವ ಕಣಿವೆಯಲ್ಲಿ ಅವನ ತೆಂಗಿನ ತೋಟ. ಆ ಜಾಗಕ್ಕೆ ಬಳಪದಹಳ್ಳ ಅನ್ನುತ್ತಾರೆ. ಹಿಂದೆ ಸ್ಕೂಲ್ ಮಕ್ಕಳು ಸ್ಲೇಟಿಗೆ ಬಳಪ ಬೇಕಾದರೆ ಅಲ್ಲಿಂದಲೇ ಕಲ್ಲಿನ ಚೂರು ಆರಿಸಿಕೊಂಡು ಹೋಗುತ್ತಿದ್ದರಂತೆ. ಹೋದ ಬೇಸಿಗೆಯಲ್ಲಿ ಒಂದು ದಿನ ಕೆಂಚಪ್ಪ ಕೈಯಲ್ಲಿ ಕತ್ತಿ ಹಿಡಿದುಕೊಂಡೇ ನನ್ನ ಹತ್ತಿರ ಬಂದ.

"ಸ್ವಾಮಿ, ಗಾಳಿ ತಾಗಿದ್ರೆ ಕಲ್ಲು ಗಟ್ಟಿ ಆಯ್ತದೆ ಅಂತೀರಲ್ಲ, ಅದು ದಿಟವಾ?"

ನನ್ನ ಹಿಂದೆ ಐವತ್ತು ಜನರ ಗುಂಪು ಕಾಯುತ್ತಿತ್ತು. "ಒಂಬೈನೂರು ವರ್ಷದಿಂದ ಎದುರಿಗೇ ನಿಂತಿದೆಯಲ್ಲಯ್ಯ, ಇನ್ನೇನು ಸಾಕ್ಷಿ ಬೇಕು ನಿನಗೆ? ಬರೆದು ಸಹಿ ಹಾಕಿಕೊಡಲಾ?" ಎಂದು ರೇಗಿದೆ.

"ಹಂಗಲ್ಲ ಸ್ವಾಮಿ, ಸುಮ್ನೆ ಕೇಳ್ದೆ" ಅಂದು ನಕ್ಕು ಹೋದ. ಯಾಕೆ ಕೇಳಿದೆ ಅಂತ ನಾನು ಕೇಳಲಿಲ್ಲ.

ನನ್ನ ಮಗಳು ಆಶ್ರಿತಾ ಮೈಸೂರಿನಲ್ಲಿ ಭೂವಿಜ್ಞಾನ ಓದುತ್ತಾಳೆ, ಎಮ್ಮೆಸ್ಸಿ ಎರಡನೇ ವರ್ಷ. "ಅಪ್ಪ ಕಲ್ಲಿನ ಮೇಲೆ ಕಥೆ ಕಟ್ಟಿ ದುಡೀತಾರೆ, ಮಗಳು ಆ ಕಥೆ ನಿಜವೋ ಸುಳ್ಳೋ ಅಂತ ಓದ್ತಾಳೆ. ಒಳ್ಳೇ ಸಂಸಾರ" ಎಂದು ನನ್ನ ಹೆಂಡತಿ ಕೋಮಲವಲ್ಲಿ ಆಗಾಗ ಚುಚ್ಚುವುದುಂಟು. ದಸರಾ ರಜಕ್ಕೆ ಬಂದವಳು ಯಗಚಿ ಕಣಿವೆಯ ಮೇಲೆ ಪ್ರಾಜೆಕ್ಟ್ ಬರೆಯುತ್ತಿದ್ದಳು. ಹೊಳೆ ಹಿಂದೆ ಎಲ್ಲೆಲ್ಲಿ ಹರಿದಿತ್ತು, ಕೆಳಗೆ ಯಾವ ಕಲ್ಲು, ಮೇಲೆ ಯಾವ ಮಣ್ಣು, ಇಂಥದ್ದು. "ಹೊಸದಾಗಿ ಅಗೆದ ಜಾಗ ಒಂದು ಸಿಕ್ಕಿದ್ರೆ ಸಾಕಿತ್ತಪ್ಪ. ಕಣಿವೆ ಹೊಟ್ಟೆ ಒಳಗೆ ಏನಿದೆ ಅಂತ ಕಾಣುತ್ತೆ" ಅಂದಳು.

ನನಗೆ ಸುಮ್ಮನಿರಲಾಗಲಿಲ್ಲ. "ನಮ್ಮ ಕೆಂಚಪ್ಪ ತೋಟದಲ್ಲಿ ನೀರಿಗೆ ಅಂತ ಹೊಂಡ ತೆಗೆಸಿದ್ದಾನಂತೆ ಕಣೇ, ಬಳಪದ ಕಲ್ಲನ್ನೇ ಕೊರೆಸಿ. ನಾಳೆ ಕರ್ಕೊಂಡು ಹೋಗ್ತೀನಿ ನಡಿ" ಎಂದೆ. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟ ಅನ್ನಿಸಿಕೊಳ್ಳುವುದು ಬೇಡ.

ಮೂರು ದಿನದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಆ ದಿನ ಬೆಳಿಗ್ಗೆ ಮಳೆ ನಿಂತು ಹೊಳವಾಯಿತು. ನನ್ನ ಹಳೇ ಸ್ಕೂಟರಿನಲ್ಲಿ ಅಪ್ಪ ಮಗಳು ಹತ್ತೂವರೆಗೆಲ್ಲ ತೋಟ ತಲುಪಿದೆವು. ಕೆಳಗೆ ಹೊಂಗೆ ಮರಗಳ ಸಾಲಿನ ನಡುವೆ ಯಗಚಿ ಕೆಂಪಗೆ ಹರಿಯುತ್ತಿತ್ತು. ಮೇಲೆ ರಾಗಿ ಹೊಲ, ನಡುವೆ ತೆಂಗು.

ಹೊಂಡ ಅಂದರೆ ನಾನು ಎದೆಯುದ್ದದ ಗುಂಡಿ ಅಂದುಕೊಂಡಿದ್ದೆ. ಇದು ದಿಣ್ಣೆಯ ಕಾಲನ್ನೇ ಕತ್ತರಿಸಿ ತೆಗೆದದ್ದು. ದಿಣ್ಣೆಯ ಕಡೆಯ ಗೋಡೆ ನಾಲ್ಕಾಳು ಎತ್ತರ, ನೆಟ್ಟಗೆ, ಕತ್ತಿಯಲ್ಲಿ ಬೆಲ್ಲದ ಅಚ್ಚು ಕೊಯ್ದ ಹಾಗೆ ನಿಂತಿತ್ತು. ಆ ಗೋಡೆಗೇ ಒಂದು ಬಿದಿರೇಣಿ ಒರಗಿಸಿದ್ದರು. ಎದುರುಗಡೆ, ಹೊಳೆಯ ಕಡೆಗೆ, ಜೆಸಿಬಿ ಹತ್ತಿ ಇಳಿಯಲು ಮಾಡಿದ್ದ ಇಳಿಜಾರು. ಮಳೆಗೆ ಅದು ಬೂದುಬಣ್ಣಕ್ಕೆ ಹೊಳೆಯುತ್ತಿತ್ತು.

"ಹೆಂಗೈತೆ ಸ್ವಾಮಿ?" ಎಂದ ಕೆಂಚಪ್ಪ. ಅವನ ಮುಖ ನೋಡಬೇಕಿತ್ತು, ಮಗಳ ಮದುವೆ ಚಪ್ಪರ ತೋರಿಸುವವನ ಹಾಗೆ. "ಜೆಸಿಬಿಯೋನು ಮೆಟ್ಲು ಮೆಟ್ಲಾಗಿ ತೆಗೀಬೇಕು ಅಂತ ಹಟ ಹಿಡ್ದ. ಹುಲಿಕೆರೆ ಕೊಳ ನೋಡಿಲ್ವಾ, ಹಳೇ ಕಾಲ್ದೋರೇ ಮೆಟ್ಲು ಬಿಟ್ಟು ತೆಗ್ದವ್ರೆ ಅಂತ ನಂಗೇ ಬುದ್ಧಿ ಹೇಳ್ದ. ಮೆಟ್ಲು ಬಿಟ್ರೆ ಮೇಗ್ಲ ಎಂಟು ತೆಂಗಿನ ಮರ ಹೋಯ್ತವೆ. ಲೇ, ಇದು ಬಳಪದ ಕಲ್ಲು ಕಣ್ಲಾ, ಒಂದು ಮಳೆಗಾಲ ಗಾಳಿ ಕುಡೀಲಿ, ಹಳೇಬೀಡಿನ ಗೋಡೆ ಆಯ್ತದೆ ಅಂದೆ."

"ಯಾರು ಹೇಳಿದ್ದು ಅಂಕಲ್ ಹಾಗಂತ?" ಎಂದಳು ಆಶ್ರಿತಾ.

"ನಿಮ್ಮಪ್ಪಾರೇ! ಅವ್ರಿಗಿಂತ ತಿಳ್ದೋರು ಯಾರವ್ರೆ ಈ ಸೀಮೇಲಿ? ಇದ ನೋಡ್ಕಂಡು ಹೋಗಿ ನಮ್ ಭಾಮೈದ ಶಿವಯ್ಯನೂ ಹಿಂಗೇ ತಗಸ್ತಾವ್ನೆ. ಅಗೋ, ಆ ಹೊಳೆ ತಿರುವು ದಾಟಿದ್ರೆ ಅವ್ನ ಹೊಲ."

ನಿಜ ಹೇಳುತ್ತೇನೆ, ನನ್ನ ಎದೆ ಒಂದು ಗೇಣು ಉಬ್ಬಿತು. ಮಗಳ ಎದುರಿಗೆ ಇಂಥ ಮಾತು ಕೇಳಿದರೆ ಯಾರಿಗೆ ಉಬ್ಬುವುದಿಲ್ಲ? ಅವಳು ನನ್ನ ಕಡೆ ಒಂದು ಥರ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಗೋಡೆಯ ಮೇಲ್ಭಾಗಕ್ಕೆ ಹೋಯಿತು. "ಅಯ್ಯೋ ಅಪ್ಪ, ಗುಂಡುಕಲ್ಲಿನ ಪದರ ನೋಡು!" ಎಂದವಳೇ ಸುತ್ತಿಗೆ, ನೋಟ್‌ಬುಕ್ ಹಿಡಿದು ಏಣಿ ಇಳಿದುಬಿಟ್ಟಳು. ಹಿಂದೆಯೇ ಕೆಂಚಪ್ಪ, ತಳದಲ್ಲಿ ಜಿನುಗುವ ನೀರನ್ನೂ ಹೊಸ ಮೋಟಾರನ್ನೂ ತೋರಿಸುವುದಕ್ಕೆ. ನನ್ನ ಮಂಡಿ ಏಣಿ ಒಪ್ಪುವುದಿಲ್ಲ. ನಾನು ಗೋಡೆಯ ನೆತ್ತಿಯ ಮೇಲೆ ಕೊಡೆ ಊರಿಕೊಂಡು ನಿಂತೆ.

ಆಮೇಲೆ ಹತ್ತು ನಿಮಿಷ ನನ್ನ ಮಗಳು ಗೈಡು, ನಾನು ಪ್ರವಾಸಿ. ಕೆಳಗಿನಿಂದ ಕೂಗಿ ಕೂಗಿ ಹೇಳಿದಳು. ಮೇಲಿನದು ಕಪ್ಪು ಮಣ್ಣು. ಅದರ ಕೆಳಗೆ ಗುಂಡುಕಲ್ಲಿನ ಸಾಲು, ಒಂದೊಂದೂ ನಿಂಬೆಹಣ್ಣಿನಷ್ಟು. ಅವು ದುಂಡಗಾಗಬೇಕಾದರೆ ಹೊಳೆಯಲ್ಲಿ ಉರುಳಿರಬೇಕು. ಹಾಗಾದರೆ ಈಗ ಅಷ್ಟು ಕೆಳಗಿರುವ ಯಗಚಿ ಒಂದು ಕಾಲದಲ್ಲಿ ನಾನು ನಿಂತ ಮಟ್ಟದಲ್ಲಿ ಹರಿಯುತ್ತಿತ್ತು. "ಹೊಳೆಯೂ ಮನೆ ಬದಲಾಯಿಸುತ್ತೆ ಅಪ್ಪ!" ಆ ಮಣ್ಣಿನಲ್ಲಿ ಹಕ್ಕಿ ತೋಡಿದ ತೂತುಗಳು, ಅಗೆದ ಹೊಸದರಲ್ಲೇ ಜೇನುಹುಳ ಹಿಡಿಯುವ ಹಸಿರು ಹಕ್ಕಿಗಳು ಗೂಡು ಮಾಡಿದ್ದಂತೆ. ಕೆಳಗಿನದೆಲ್ಲ ಬಳಪದ ಕಲ್ಲು. ಕೋಟಿಗಟ್ಟಲೆ ವರ್ಷದ್ದು ಅಂದಳು, ಎಷ್ಟು ಕೋಟಿ ಅಂದಳೋ ನನಗೆ ಲೆಕ್ಕ ಸಿಗಲಿಲ್ಲ. ಇಷ್ಟು ದಿನ ನಾನು ಒಂಬೈನೂರು ವರ್ಷಕ್ಕೇ ಎದೆ ತಟ್ಟಿಕೊಳ್ಳುತ್ತಿದ್ದೆನಲ್ಲ ಎಂದು ನಗು ಬಂತು.

ಆಮೇಲೆ ಅವಳ ಮಾತು ನಿಂತಿತು.

ನಾನು ಬಗ್ಗಿ ನೋಡಿದೆ. ಗೋಡೆಗೆ ಅಂಗೈ ಆನಿಸಿ ನಿಂತಿದ್ದಳು. ಪದರಗಳ ನಡುವಿನಿಂದ ನೀರು ಇಳಿದು ಅವಳ ಮಣಿಕಟ್ಟಿನ ಮೇಲೆ ಹರಿಯುತ್ತಿತ್ತು. ಒಂದು ಚೂರು ಕಲ್ಲನ್ನು ಬೆರಳಲ್ಲೇ ಕಿತ್ತಳು. ಹಪ್ಪಳದ ಹಾಗೆ ಬಂತು.

"ನೋಡವ್ವ, ಏಡಿ!" ಎಂದು ಕೆಂಚಪ್ಪ ನಕ್ಕ. ಗೋಡೆಯ ಸಂದಿನಿಂದ ಒಂದು ಏಡಿ ಹೊರಗೆ ಬಂದು ತಳಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಬಿದ್ದವು ನಿಲ್ಲದೆ ಎದುರಿನ ಇಳಿಜಾರಿನ ಕಡೆಗೆ ಓಡಿದವು.

"ಅಪ್ಪ." ದನಿ ಸಣ್ಣಗಿತ್ತು. ಮಗಳ ದನಿಯನ್ನು ಇಪ್ಪತ್ತೆರಡು ವರ್ಷದಿಂದ ಬಲ್ಲೆ; ಜ್ವರ ಬಂದಾಗಲೂ ಪರೀಕ್ಷೆಗೆ ಮುಂಚೆಯೂ ಹಾಗೆ ಕರೆದವಳಲ್ಲ. "ಅಪ್ಪ, ಅಲ್ಲಾಡಬೇಡ. ನಿನ್ನ ಹಿಂದೆ ನೆಲದಲ್ಲಿ ಬಿರುಕೇನಾದ್ರೂ ಇದೆಯಾ ನೋಡು."

ತಿರುಗಿದೆ. ಎರಡು ಹೆಜ್ಜೆ ಹಿಂದೆ ಹುಲ್ಲಿನ ನಡುವೆ ಒಂದು ಗೆರೆ. ಬರುವಾಗ ಅದನ್ನು ದಾಟಿಕೊಂಡೇ ಬಂದಿದ್ದೆ, ದನ ತುಳಿದ ದಾರಿ ಅಂದುಕೊಂಡು. ಈ ತುದಿಯಿಂದ ಆ ತುದಿಗೆ, ಹೊಂಡದ ಅಂಚಿಗೆ ಸರಿಸಮವಾಗಿ ಹೋಗಿತ್ತು. ಕೊಡೆಯ ಮೊನೆಯನ್ನು ಅದರೊಳಗೆ ಇಟ್ಟೆ. ಇಳಿಯಿತು. ಒತ್ತದೆಯೇ ಇಳಿಯಿತು, ಹಿಡಿಯವರೆಗೂ.

"ಏನೂ ಇಲ್ಲ ಕಣೇ" ಅಂದೆ.

ಯಾಕೆ ಹಾಗಂದೆ? ಆ ದೇವರಾಣೆ ನನಗೆ ಗೊತ್ತಿಲ್ಲ. ಇಪ್ಪತ್ತನಾಲ್ಕು ವರ್ಷ ಜನರಿಗೆ ಹಿತವಾದದ್ದನ್ನೇ ಹೇಳಿ ಪಳಗಿದ ನಾಲಿಗೆ, ಅದರ ಪಾಡಿಗೆ ಅದು ಆಡಿಬಿಟ್ಟಿತು. ಮರುಕ್ಷಣ ಕೂಗಿದೆ. "ಇದೆ! ಇದೆ ಕಣೇ ಆಶ್ರಿತಾ. ಕೊಡೆ ಪೂರ್ತಿ ಹೋಯಿತು."

"ಬಿರುಕಿನ ಆಚೆಗೆ ಹೋಗು. ಓಡಬೇಡ. ಮೆಲ್ಲಗೆ ಕಾಲಿಡು."

ಆಗ ಅರ್ಥವಾಯಿತು. ನಾನು ನಿಂತಿದ್ದದ್ದು ನನ್ನ ಮಗಳ ತಲೆಯ ಮೇಲೆ ಬೀಳಲಿರುವ ಕಲ್ಲಿನ ನೆತ್ತಿಯಲ್ಲಿ. ನಾನು ಕಾಲು ಎತ್ತಿದರೆ ಏನಾಗುತ್ತದೋ, ಊರಿದರೆ ಏನಾಗುತ್ತದೋ. ಕೈಕಾಲು ನಡುಗಲು ಶುರುವಾಯಿತು. ನಡುಗುವುದಕ್ಕೂ ಹೆದರಿಕೆ, ಆ ನಡುಕವೇ ಗೋಡೆಗೆ ಸಾಕಾದರೆ? ಬಾಯಿಗೆ ಬಂದ ದೇವರ ಹೆಸರೆಲ್ಲ ಹೇಳಿಕೊಂಡು ಎಡಗಾಲು ಹಿಂದಿಟ್ಟೆ. ಆಮೇಲೆ ಬಲಗಾಲು. ಅಂಚಿನಿಂದ ನಾಲ್ಕು ಗುಂಡುಕಲ್ಲು ಉದುರಿ ಕೆಳಗೆ ಟಪಟಪ ಬಿದ್ದ ಸದ್ದು ಕೇಳಿಸಿತು. ಬಿರುಕು ದಾಟಿದ್ದೇ, ಮಂಡಿನೋವೆಲ್ಲ ಎಲ್ಲಿ ಹೋಯಿತೋ, ಹೊಂಡವನ್ನು ಸುತ್ತಿಕೊಂಡು ಎದುರಿನ ಇಳಿಜಾರಿನ ತಲೆಗೆ ಓಡಿದೆ.

ಅಲ್ಲಿಂದ ಗೋಡೆ ಎದುರಿಗೇ ಕಂಡಿತು. ಕೆಳಗೆ ಆಶ್ರಿತಾ ಕೆಂಚಪ್ಪನ ತೋಳು ಹಿಡಿದು ಎಳೆಯುತ್ತಿದ್ದಳು.

"ಇದು ಒಂದೇ ಕಲ್ಲಲ್ಲ ಅಂಕಲ್. ವೀಳ್ಯದೆಲೆ ಕಟ್ಟನ್ನ ಓರೆಯಾಗಿ ನಿಲ್ಲಿಸಿದ ಹಾಗೆ ಇದೆ. ಎಲೆಯೆಲ್ಲ ನಮ್ಮ ಕಡೆಗೇ ವಾಲಿವೆ. ಮಧ್ಯೆ ನೀರು ಹೋಗಿದೆ. ಬನ್ನಿ, ಮೊದಲು ಬನ್ನಿ."

"ಏ, ಯಾಕವ್ವ ಹಿಂಗೆ ಗಾಬರಿ ಬೀಳ್ತೀಯ? ಏಣಿ ಹತ್ತು, ನಾ ಹಿಡ್ಕತೀನಿ."

"ಏಣಿ ಆ ಗೋಡೆಗೇ ಒರಗಿದೆ ಅಂಕಲ್!"

ಅವಳು ಇಳಿಜಾರಿಗೆ ಓಡಿ ಬಂದಳು. ನಾಲ್ಕು ಹೆಜ್ಜೆ ಹತ್ತಿದಳು, ಜಾರಿ ತಳಕ್ಕೆ ಹೋದಳು. ಮತ್ತೆ ಹತ್ತಿದಳು, ಮತ್ತೆ ಜಾರಿದಳು. ಚಪ್ಪಲಿ ಕಿತ್ತೆಸೆದು ಉಗುರು ಊರಿ ಹತ್ತಿದಳು; ಹಿಡಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮಳೆಗೆ ನೆನೆದ ಬಳಪದ ಕಲ್ಲು ಸೋಪಿಗಿಂತ ಕಡೆ. ನಾನು ಮೇಲಿನಿಂದ ಕೈ ಚಾಚಿದೆ. ನನ್ನ ಕೈಗೂ ಅವಳ ಕೈಗೂ ನಡುವೆ ಇಬ್ಬರು ಮಲಗುವಷ್ಟು ದೂರ.

ಕೆಂಚಪ್ಪನ ಹೆಂಡತಿ ಲಲಿತಮ್ಮ ನಮಗೆ ಮಜ್ಜಿಗೆ ತರುತ್ತಿದ್ದವಳು ನನ್ನ ಕಿರುಚಾಟ ಕೇಳಿ ಚೊಂಬು ಅಲ್ಲೇ ಬಿಸಾಕಿ ಬಂದಳು. ಏನು, ಯಾಕೆ ಅಂತ ಒಂದು ಮಾತೂ ಕೇಳಲಿಲ್ಲ. ಗೋಡೆ ನೋಡಿದಳು, ಏಡಿಗಳನ್ನು ನೋಡಿದಳು, ಓಡಿ ಹೋಗಿ ಹಸುವಿನ ಹಗ್ಗ ಬಿಚ್ಚಿಕೊಂಡು ಬಂದಳು. ಒಂದು ಸಾಲದು ಅಂತ ಇನ್ನೊಂದನ್ನು ಗಂಟು ಹಾಕಿ, ತೆಂಗಿನ ಮರಕ್ಕೆ ಸುತ್ತಿ, ಕೆಳಗೆ ಎಸೆದಳು. ಆಶ್ರಿತಾ ಹಗ್ಗ ಹಿಡಿದಳು. ನನಗೆ ಜೀವ ಬಂದಂತಾಯಿತು.

"ಹತ್ತು ಕಣೇ! ಬೇಗ!"

ಅವಳು ಹತ್ತಲಿಲ್ಲ. ಹಗ್ಗ ಹಿಡಿದು ಹಿಂದೆ ತಿರುಗಿ ನೋಡಿದಳು. ಕೆಂಚಪ್ಪ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮೋಟಾರಿನ ನಟ್ಟು ಬಿಚ್ಚುತ್ತಿದ್ದ.

"ಮಗೀನ ಎಳ್ಕಳಿ ಸ್ವಾಮಿ. ನಾ ಇದ ಬಿಚ್ಕಂಡು ಬತ್ತೀನಿ. ಏನೂ ಆಗಲ್ಲ. ಬಿರುಕು ಬಿಟ್ರೆ ಇನ್ನಾ ಒಳ್ಳೇದು, ಒಳೀಕೂ ಗಾಳಿ ಆಡ್ತದೆ."

"ಅಪ್ಪ, ಅವರಿಗೆ ಹೇಳು" ಎಂದಳು ಆಶ್ರಿತಾ. ಅಳುತ್ತಿದ್ದಳು. "ನಾನು ಹೇಳಿದ್ರೆ ನಂಬಲ್ಲ. ನೀನು ಹೇಳಿದ್ದು ತಪ್ಪು ಅಂತ ಹೇಳು. ಅವರನ್ನ ಬಿಟ್ಟು ನಾನು ಬರಲ್ಲ."

ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತು ಅಂತೀರಿ! ಹತ್ತೇ, ಮುಂಡೇದೇ, ಅವನ ಪಾಡು ಅವನಿಗೆ ಎಂದು ನಾಲಿಗೆಯವರೆಗೂ ಬಂತು. ಲಲಿತಮ್ಮ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದಳು. ನುಂಗಿಕೊಂಡೆ. ಗಂಟಲು ಸರಿಮಾಡಿಕೊಂಡೆ.

"ಕೆಂಚಪ್ಪ, ಅದು ಹೇಗೆ ಅಂದ್ರೆ, ಬಳಪದ ಕಲ್ಲಿನಲ್ಲೂ ಜಾತಿ ಬೇರೆ ಬೇರೆ ಇರುತ್ತೆ. ದೇವಸ್ಥಾನಕ್ಕೆ ಆರಿಸಿದ ಕಲ್ಲು ಉತ್ತಮ ಜಾತಿಯದು. ಇಲ್ಲಿಯದು ಬಹುಶಃ..."

ಇಷ್ಟು ಉದ್ದ ಮಾತಾಡಿದೆ! ನನ್ನ ಸ್ವಂತ ಮಗಳು ಬಾವಿಯಂಥ ಗುಂಡಿಯಲ್ಲಿ ಹಗ್ಗ ಹಿಡಿದು ನಿಂತಿದ್ದಾಳೆ, ನಾನು ಗೈಡ್ ಮಾತು ಆಡುತ್ತಿದ್ದೇನೆ. ತಪ್ಪು ಅನ್ನುವ ಎರಡಕ್ಷರ ನನ್ನ ಬಾಯಿಂದ ಬರಲೊಲ್ಲದು. ಒಬ್ಬ ಎಳನೀರಿನವನ ಎದುರು, ಅವನ ಹೆಂಡತಿಯ ಎದುರು ಹಗುರಾಗಿಬಿಡುತ್ತೇನಲ್ಲ ಅಂತ. ಆ ಹೊತ್ತಿನಲ್ಲೂ ಅದೇ ಯೋಚನೆ ಬಂತು, ಸುಳ್ಳು ಯಾಕೆ ಹೇಳಲಿ.

ಗೋಡೆಯೊಳಗೆ ಟಕ್ ಅಂತ ಒಂದು ಸದ್ದಾಯಿತು. ದೊಡ್ಡ ಸದ್ದೇನಲ್ಲ, ಹಳೇ ಬೀರುವಿನ ಬಾಗಿಲು ತೆರೆದಷ್ಟೇ. ಏಣಿ ತಾನೇ ತಾನಾಗಿ ಒಂದು ಮೊಳ ಪಕ್ಕಕ್ಕೆ ಸರಿಯಿತು.

"ಸುಳ್ಳು ಕಣೋ ಕೆಂಚಪ್ಪ!" ಎಂದು ಕಿರುಚಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನಾನು ಹೇಳಿದ್ದು ಸುಳ್ಳು! ಕಲ್ಲು ಗಟ್ಟಿ ಆಗೋದನ್ನ ನಾನು ಕಂಡಿಲ್ಲ! ಯಾರೋ ಹೇಳಿದ್ದು, ನಾನೂ ಹೇಳಿದೆ! ನನಗೆ ಏನೂ ಗೊತ್ತಿಲ್ಲ! ಎದ್ದು ಬಾರೋ, ನಿನ್ನ ಕಾಲಿಗೆ ಬೀಳ್ತೀನಿ!"

ಕೆಂಚಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಹತ್ತು ವರ್ಷದಿಂದ ಗುಂಪಿನ ಹಿಂದೆ ನಿಂತು ನೋಡುತ್ತಿದ್ದ ನೋಟವಲ್ಲ ಅದು. ಸ್ಪ್ಯಾನರ್ ಕೈಬಿಟ್ಟ. ಎದ್ದು ಓಡಿ ಬಂದ.

ಬಂದವನು ಮೊದಲು ಹಗ್ಗ ಹಿಡಿಯಲಿಲ್ಲ. ನನ್ನ ಮಗಳ ಎರಡೂ ಪಾದಗಳನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು, "ಹೋಗವ್ವ" ಎಂದು ಮೇಲಕ್ಕೆ ನೂಕಿದ. ನಾನೂ ಲಲಿತಮ್ಮನೂ ಎಳೆದೆವು. ಆಶ್ರಿತಾಳ ಮಣಿಕಟ್ಟು ನನ್ನ ಕೈಗೆ ಸಿಕ್ಕಿತು. ಹಿಡಿದೆ, ಬಿಡಲಿಲ್ಲ, ಅವಳ ಬಳೆ ಒಡೆದು ನನ್ನ ಕೈಗೆ ಚುಚ್ಚಿದ್ದು ಸಂಜೆಯವರೆಗೂ ತಿಳಿಯಲಿಲ್ಲ. ಅವಳು ಮೇಲೆ ಬಂದು ನನ್ನ ಮೇಲೆಯೇ ಬಿದ್ದಳು. ಹಗ್ಗ ಮತ್ತೆ ಕೆಳಗೆ ಹೋಯಿತು. ಕೆಂಚಪ್ಪ ಅದನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡ, ಅರ್ಧ ಹತ್ತಿದ.

ಆಗ ಗೋಡೆ ಬಂತು. ಗುಡುಗಿನ ಹಾಗೆ ಬರುತ್ತದೆ ಅಂದುಕೊಂಡಿದ್ದೆ. ಚೀಲದಿಂದ ರಾಗಿ ಸುರಿದ ಹಾಗೆ ಸರ್ರನೆ ಬಂತು. ನಾನು ನಿಂತಿದ್ದ ನೆಲ, ಹುಲ್ಲು, ಗುಂಡುಕಲ್ಲು, ಎರಡು ತೆಂಗಿನ ಮರ, ಎಲ್ಲ ನಿಂತ ಹಾಗೇ ಕೆಳಗೆ ಜಾರಿದವು. ಹಪ್ಪಳ ಹಪ್ಪಳವಾಗಿ ಕಲ್ಲು ಹರಡಿಕೊಂಡು ಇಳಿಜಾರಿನ ಮೇಲಕ್ಕೂ ಏರಿ ಬಂದು ಕೆಂಚಪ್ಪನನ್ನು ಸೊಂಟದವರೆಗೆ ಹಿಡಿಯಿತು. ಅವನು ಕೂಗಲಿಲ್ಲ. ಕೂಗಿದ್ದು ಲಲಿತಮ್ಮ.

ಹಗ್ಗ ಅವನನ್ನು ಉಳಿಸಿತು. ಮೂವರೂ ಹಗ್ಗಕ್ಕೆ ಜೋತುಬಿದ್ದು ಇಳಿದು ಕೈಯಲ್ಲೇ ಬಗೆದೆವು. ಎಷ್ಟು ಹೊತ್ತು ಬಗೆದೆವೋ. ಬಗೆದಷ್ಟೂ ಆ ಬೂದು ಕಲ್ಲು ಬೆರಳ ಸಂದಿಯಲ್ಲಿ ಎಣ್ಣೆಯ ಹಾಗೆ ಜಾರುತ್ತಿತ್ತು. ಉಳಿದ ಗೋಡೆ ಯಾವಾಗ ಬರುತ್ತದೋ ಅಂತ ಒಬ್ಬೊಬ್ಬರೂ ತಲೆಯೆತ್ತಿ ನೋಡುವುದು, ಮತ್ತೆ ಬಗೆಯುವುದು. ಕೊನೆಗೆ ಎಳೆದು ತೋಟದ ಬದಿಗೆ ತಂದು ಮಲಗಿಸಿದೆವು. ಎಡಗಾಲು ಮೊಣಕಾಲಿಂದ ಕೆಳಗೆ ಕಾಲಿನ ಹಾಗಿರಲಿಲ್ಲ. ನಾನು ನೋಡಲಾರದೆ ನನ್ನ ಅಂಗವಸ್ತ್ರ ಹೊದಿಸಿದೆ. ಆಶ್ರಿತಾ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ಮಾದಿಹಳ್ಳಿ ಹೆಸರು ಹೇಳುವುದಕ್ಕೆ ಅವಳಿಗೆ ಮೂರು ಸಲ ಬೇಕಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನನ್ನದು ಒಡೆದದ್ದು ಇನ್ನೊಬ್ಬನ ಕಾಲಿನಲ್ಲಿ. ಟಕ್ ಅನ್ನುವ ಮುಂಚೆಯೇ ಆ ಎರಡಕ್ಷರ ಬಾಯಿಂದ ಬಂದಿದ್ದರೆ ಅವನು ಪೂರ್ತಿ ಹತ್ತಿರುತ್ತಿದ್ದ. ಇದು ನನಗೆ ಆಗಲೇ ಗೊತ್ತಿತ್ತು.

ಕೆಂಚಪ್ಪ ಕಣ್ಣು ಬಿಟ್ಟ. ಬೈಯಲಿ, ಉಗಿಯಲಿ ಎಂದು ಕಾದೆ.

"ಪೂರಾ ಸುಳ್ಳಾ ಸ್ವಾಮಿ?" ಎಂದ.

"ಗೊತ್ತಿಲ್ಲ ಕಣಯ್ಯ. ಗೊತ್ತಿಲ್ಲದೆ ಹೇಳಿದೆ."

"ಅಷ್ಟು ಚೆಂದಾಗಿ ಹೇಳ್ತಿದ್ರಲ್ಲ" ಎಂದು ಕಣ್ಣು ಮುಚ್ಚಿದ.

ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಮುಖ ಒರೆಸುತ್ತಿದ್ದ ಲಲಿತಮ್ಮನ ಕೈ ನಿಂತುಹೋಯಿತು. ಹೊಳೆಯ ತಿರುವಿನ ಕಡೆ ನೋಡಿದಳು.

"ನನ್ ತಮ್ಮ" ಅಂದಳು. "ಶಿವಯ್ಯ. ಬೆಳಗ್ಗಿಂದ ಆಳಿಟ್ಕಂಡು ಹೊಂಡದೊಳಗೇ ಅವ್ನೆ. ಅಯ್ಯೋ, ನನ್ ತಮ್ಮ!"

ರವಿಕೆಯೊಳಗಿನಿಂದ ಫೋನು ತೆಗೆದಳು. ಅವಳ ಬೆರಳಿಗೆ ಅಂಟಿದ್ದ ಬೂದು ಕೆಸರಿಗೆ ಫೋನು ಜಾರಿ ಕೆಳಗೆ ಬಿತ್ತು. ಆಶ್ರಿತಾ ಎತ್ತಿ ಒರೆಸಿ ನಂಬರು ಒತ್ತಿ ಸ್ಪೀಕರ್ ಹಾಕಿದಳು. ರಿಂಗಾಯಿತು. ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ, ಕಟ್ಟಾಯಿತು. ನಾವು ಮೂವರೂ ಆ ಸಣ್ಣ ಫೋನನ್ನೇ ನೋಡುತ್ತ ಕೂತಿದ್ದೆವು. ಮತ್ತೆ ಒತ್ತಿದಳು.

"ನೀವೇ ಹೇಳಿ ಸ್ವಾಮಿ" ಎಂದ ಕೆಂಚಪ್ಪ, ಕಣ್ಣು ಬಿಡದೆ. "ನಾವು ಹೇಳಿದ್ರೆ ಕೇಳಲ್ಲ ಅವ್ನು. ನಿಮ್ ಹೆಸರು ಹೇಳ್ಕಂಡೇ ಅಗೀತಿರೋದು."

ಆಶ್ರಿತಾ ಫೋನನ್ನು ನನ್ನ ಕೈಗೆ ಕೊಟ್ಟಳು. ಆರನೇ ರಿಂಗಿಗೆ ಎತ್ತಿದರು.

"ಯಾರು, ಅಕ್ಕನಾ?"

"ಶಿವಯ್ಯ, ನಾನು ಹಳೇಬೀಡಿನ ಗೈಡು ಸಂಪತ್ಕುಮಾರ್."

"ಓಹೋ ಸ್ವಾಮಿ!" ದನಿಯಲ್ಲಿ ನಗು ತುಂಬಿತ್ತು. "ನಿಮಗೆ ನೂರು ವರ್ಷ ಆಯಸ್ಸು. ಈಗಿನ್ನಾ ನಿಮ್ಮ ಮಾತೇ ಆಡ್ತಿದ್ವಿ. ಬೆಣ್ಣೆ ಬಂದಂಗೆ ಬತ್ತೈತೆ ಕಲ್ಲು. ನೆಟ್ಟಗೆ ನಿಲ್ಸಿವ್ನಿ, ಬಂದು ನೋಡಿ ಒಂದ್ಸಲ." ಅವನ ಹಿಂದೆ ಎರಡು ಹಾರೆ ಒಂದಾದ ಮೇಲೊಂದು ಬೀಳುವ ಸದ್ದು ಕೇಳುತ್ತಿತ್ತು.

"ನಾನು ಹೇಳಿದ್ದು ಸುಳ್ಳು" ಅಂದೆ. "ಗಾಳಿ ತಾಗಿದ್ರೆ ಅದು ಗಟ್ಟಿ ಆಗಲ್ಲ. ನಿಮ್ಮ ಭಾವನ ಗೋಡೆ ಬಿತ್ತು. ಎಲ್ಲ ಬಿಟ್ಟು ಮೇಲಕ್ಕೆ ಹತ್ತಿ."

ಆ ಕಡೆ ಒಂದು ಹಾರೆಯ ಸದ್ದು ನಿಂತಿತು. ಇನ್ನೊಂದು ನಡೆದೇ ಇತ್ತು. ನಾನು ಎದ್ದು ನಿಂತು, ಹೊಳೆಯ ತಿರುವಿನ ಕಡೆಗೆ ಮುಖ ಮಾಡಿ, ಗಂಟಲು ಹರಿಯುವ ಹಾಗೆ ಅದನ್ನೇ ಮತ್ತೆ ಕೂಗಿದೆ.